ಪಕ್ಕದ ಮನೆಯವರು ಯೇಸುವಿನ ಮಾತೆತ್ತುವುದೇ ಇಲ್ಲವಲ್ಲ, ಯಾಕೆ?

ಪ್ರಶ್ನೆ: ನಮ್ಮ ಪಕ್ಕದ ಮನೆಯಲ್ಲಿ ಸುಮಾರು ಹದಿನೈದು ವರ್ಷದಿಂದ ಒಂದು ಕಥೋಲಿಕ ಕುಟುಂಬವಿದೆ. ಮೂಲ ಮಂಗಳೂರು ಕಡೆ. ಕ್ರಿಸ್‌ಮಸ್‌ಗೆ ಅವರ ಮನೆಯಿಂದ ಕುಸ್ವಾರ್ ತಟ್ಟೆ ಬರುತ್ತದೆ, ಸಂಕ್ರಾಂತಿಗೆ ನಮ್ಮಿಂದ ಎಳ್ಳು ಬೆಲ್ಲ ಹೋಗುತ್ತದೆ. ಇಷ್ಟು ವರ್ಷದಲ್ಲಿ ಆ ಆಂಟಿ ತಮ್ಮ ದೇವರ ಬಗ್ಗೆ ನಮ್ಮ ಹತ್ತಿರ ಒಂದು ಮಾತೂ ಆಡಿಲ್ಲ. ಬಸ್ ನಿಲ್ದಾಣದಲ್ಲಿ ನೋಡಿದರೆ ಗುರುತು ಪರಿಚಯ ಇಲ್ಲದವರು ಕರಪತ್ರ ಕೊಟ್ಟು 'ಯೇಸು ನಿಮ್ಮನ್ನು ಪ್ರೀತಿಸುತ್ತಾರೆ' ಎನ್ನುತ್ತಾರೆ. ಇಬ್ಬರೂ ಕ್ರೈಸ್ತರೇ ತಾನೆ? ಕಥೋಲಿಕರಿಗೆ ಧರ್ಮಪ್ರಚಾರ ಮಾಡಬೇಕೆಂಬ ಕಟ್ಟಳೆ ಇಲ್ಲವೆ? ಇದ್ದರೆ ಯಾಕೆ ಮಾಡುವುದಿಲ್ಲ, ಭಯವೆ? ನಾನಾಗಿಯೇ ಕೇಳಿದರೆ ತಪ್ಪು ತಿಳಿಯುತ್ತಾರೆಯೆ? ಒಂದು ಸಲ ಅವರ ಪೂಜೆ ನೋಡಬೇಕೆಂಬ ಆಸೆಯೂ ಇದೆ. ಹೋಗಬಹುದೆ?
ಓದುಗರೊಬ್ಬರು, ಹಾಸನ

ಉತ್ತರ: ಕಟ್ಟಳೆ ಇದೆ. ನಿಮ್ಮ ಆಂಟಿಗೂ ಇದೆ, ಅವರ ಯಜಮಾನರಿಗೂ ಇದೆ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ತಾವು ನಂಬಿದ್ದನ್ನು ಇನ್ನೊಬ್ಬರಿಗೆ ತಲುಪಿಸಬೇಕು ಎಂಬುದು ಕಥೋಲಿಕ ಧರ್ಮಸಭೆಯ ನಿಲುವು. ಮತ್ತಾಯನ ಶುಭಸಂದೇಶದ ಕೊನೆಯಲ್ಲಿ ಯೇಸು ತಮ್ಮ ಶಿಷ್ಯರನ್ನು ಎಲ್ಲ ಜನಾಂಗಗಳ ಬಳಿಗೆ ಕಳುಹಿಸುವ ಪ್ರಸಂಗವಿದೆಯಲ್ಲ, ಅದೇ ಇದರ ಬುಡ. ಅದು ಪಾದ್ರಿಗಳ ಮತ್ತು ಕನ್ಯಾಸ್ತ್ರೀಯರ ಕೆಲಸ, ಉಳಿದವರು ಪೂಜೆಗೆ ಬಂದು ಕಾಣಿಕೆ ಹಾಕಿದರೆ ಸಾಕು ಎಂಬ ತಿಳಿವಳಿಕೆ ಬಹುಕಾಲ ನಡೆದುಬಂತು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ತಿದ್ದಿತು. ಗೃಹಸ್ಥರ ಪ್ರೇಷಿತಕಾರ್ಯದ, ಅಂದರೆ ಪಾದ್ರಿಗಳಲ್ಲದವರು ನಂಬಿಕೆ ಸಾರುವ ಕೆಲಸದ ಬಗ್ಗೆಯೇ 1965ರ ನವೆಂಬರಿನಲ್ಲಿ ಒಂದು ಆದೇಶ ಹೊರಡಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆ ಅದನ್ನು ಪ್ರತಿಯೊಬ್ಬ ಕ್ರೈಸ್ತನ ಹೊಣೆ ಮಾತ್ರವಲ್ಲ, ಹಕ್ಕೂ ಹೌದು ಎಂದು ಬರೆದಿಟ್ಟಿತು. ಈ ಲೆಕ್ಕದಲ್ಲಿ ನಿಮ್ಮ ಆಂಟಿಯೂ ಪ್ರಚಾರಕಿಯೇ. ಹಾಗೆಂದು ಅವರಿಗೆ ಹೇಳಿ ನೋಡಿ, 'ಅಯ್ಯೋ, ಅದಕ್ಕೆಲ್ಲ ಫಾದರ್ ಇದ್ದಾರಲ್ಲ ಮಾರಾಯ್ರೆ' ಎಂದು ನಕ್ಕುಬಿಡುತ್ತಾರೆ.

ಬಸ್ ನಿಲ್ದಾಣದವರು ಬೇರೆ ಸಭೆಗಳಿಗೆ ಸೇರಿದವರು. ಎದುರಿಗೆ ಸಿಕ್ಕವರಿಗೆ ಬಾಯಿಬಿಟ್ಟು ಹೇಳುವುದೇ ನಂಬಿಕೆಯ ಮೊದಲ ಕರ್ತವ್ಯ ಎಂಬುದು ಅವರ ಪರಂಪರೆ. ಬಿಸಿಲಿನಲ್ಲಿ ನಿಂತು, ಜನ ಮುಖ ತಿರುಗಿಸಿದರೂ ಇನ್ನೊಬ್ಬರಿಗೆ ಕೈಚಾಚುವ ಅವರ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಕಥೋಲಿಕರ ದಾರಿ ಅದಲ್ಲ. ನಮ್ಮಲ್ಲೂ ಮನೆಮನೆಗೆ ಹೋಗುವ ಗುಂಪುಗಳಿವೆ. 1921ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಲೀಜನ್ ಆಫ್ ಮೇರಿ ಸಂಘದವರು ನಮ್ಮ ಊರುಗಳಲ್ಲೂ ಇಬ್ಬಿಬ್ಬರಾಗಿ ಹೊರಡುತ್ತಾರೆ. ಆದರೆ ಅವರು ಹೆಚ್ಚಾಗಿ ತಟ್ಟುವುದು ಪೂಜೆ ಬಿಟ್ಟ ಕಥೋಲಿಕರದೇ ಬಾಗಿಲು. ನಿಮ್ಮ ಮನೆಯದಲ್ಲ.

ಹೇಗೆ ಹೇಳಬೇಕು ಎಂಬುದರ ಬಗ್ಗೆಯೂ ಧರ್ಮಸಭೆ ಮಾತಾಡಿದೆ. ಮಹಾಸಭೆ ಮುಗಿಯುವ ಮುನ್ನಾದಿನ, 1965ರ ಡಿಸೆಂಬರ್ 7ರಂದು, ಎರಡು ದಾಖಲೆಗಳು ಒಟ್ಟಿಗೆ ಹೊರಬಂದವು. ಹೋಗಿ ಸಾರಿ ಎಂದು ಒಂದು ಹೇಳಿದರೆ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಕೂಡದು, ಅದು ಮನುಷ್ಯನ ಘನತೆಗೇ ವಿರುದ್ಧ ಎಂದು ಇನ್ನೊಂದು ಹೇಳಿತು. ಸಾರಿ ಎಂದ ದಾಖಲೆಯೊಳಗೇ ಆಮಿಷ ಒಡ್ಡಿ, ತಂತ್ರ ಹೂಡಿ ಯಾರನ್ನೂ ಸೆಳೆಯಬಾರದು ಎಂಬ ನಿಷೇಧವೂ ಇದೆ. ಹತ್ತು ವರ್ಷದ ಬಳಿಕ, 1975ರಲ್ಲಿ, ಪೋಪ್ ಆರನೇ ಪೌಲ್ ಒಂದು ಪತ್ರ ಬರೆದು ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಮೊದಲು ಬದುಕು. ಅದನ್ನು ಕಂಡವರ ಮನಸ್ಸಿನಲ್ಲಿ 'ಇವರು ಯಾಕೆ ಹೀಗಿದ್ದಾರೆ' ಎಂಬ ಪ್ರಶ್ನೆ ಏಳಬೇಕು. ಮಾತು ಆಮೇಲೆ ಬರಬೇಕು. ಪೇತ್ರನ ಮೊದಲ ಪತ್ರದಲ್ಲೂ ಇದೇ ಕ್ರಮವಿದೆ: ನಿಮ್ಮೊಳಗಿನ ಭರವಸೆಗೆ ಕಾರಣ ಏನೆಂದು ಯಾರಾದರೂ ಕೇಳಿದರೆ ಉತ್ತರಕ್ಕೆ ಸಿದ್ಧರಿರಿ, ಹೇಳುವಾಗ ವಿನಯ ಮತ್ತು ಗೌರವ ಇರಲಿ ಎಂಬ ಅರ್ಥದ ಮಾತು ಅದು. 'ಕೇಳಿದರೆ' ಎಂಬ ಷರತ್ತನ್ನು ಗಮನಿಸಿ.

ಇದನ್ನೇ ಹಿಡಿದುಕೊಂಡು ನಮ್ಮಲ್ಲಿ ಅನೇಕರು ಆರಾಮಾಗಿ ಕುಳಿತಿದ್ದಾರೆ. ಬದುಕಿನಿಂದಲೇ ಶುಭಸಂದೇಶ ಸಾರಿ, ತೀರಾ ಬೇಕಾದರೆ ಮಾತ್ರ ಬಾಯಿ ತೆರೆಯಿರಿ ಎಂದು ಅಸ್ಸಿಸಿಯ ಸಂತ ಫ್ರಾನ್ಸಿಸ್ ಹೇಳಿದರೆಂದು ಪ್ರವಚನಗಳಲ್ಲಿ, ವಾಟ್ಸಾಪ್ ಚಿತ್ರಗಳಲ್ಲಿ ಓಡಾಡುವ ಮಾತೊಂದಿದೆ. ಅವರ ಬರಹಗಳಲ್ಲಿ ಅದು ಎಲ್ಲೂ ಇಲ್ಲ. ಅವರು ನಿಜವಾಗಿ ಬರೆದದ್ದು ಇದಕ್ಕಿಂತ ಸೊಗಸಾಗಿದೆ, ಕಷ್ಟವಾಗಿಯೂ ಇದೆ. 1219ರಲ್ಲಿ, ಧರ್ಮಯುದ್ಧದ ನಡುವೆ, ಈಜಿಪ್ಟಿನ ದಮಿಯೆತ್ತ ಊರಿನ ಹತ್ತಿರ ಸೇನೆಗಳು ಎದುರುಬದುರಾಗಿ ನಿಂತಿದ್ದಾಗ ಫ್ರಾನ್ಸಿಸ್ ಬರಿಗೈಯಲ್ಲಿ ಸುಲ್ತಾನ ಅಲ್ ಕಾಮಿಲನನ್ನು ಕಾಣಲು ಹೋದರು. ಸುಲ್ತಾನ ಮತಾಂತರವಾಗಲಿಲ್ಲ, ಫ್ರಾನ್ಸಿಸರ ತಲೆಯೂ ಉರುಳಲಿಲ್ಲ. ಎರಡು ವರ್ಷದ ನಂತರ ತಮ್ಮ ಸಹೋದರರಿಗಾಗಿ ಬರೆದ ನಿಯಮಾವಳಿಯಲ್ಲಿ, ಮುಸ್ಲಿಮರ ನಡುವೆ ಬಾಳಲು ಹೋಗುವವರಿಗೆ ಅವರು ಎರಡು ದಾರಿ ತೋರಿಸಿದರು. ಒಂದು, ಜಗಳವಾಡದೆ, ವಾದಕ್ಕಿಳಿಯದೆ, ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರೆಂದು ಒಪ್ಪಿಕೊಂಡು ಬದುಕುವುದು. ಇನ್ನೊಂದು, ದೇವರಿಗೆ ಇಷ್ಟವೆಂದು ಕಂಡ ಹೊತ್ತಿನಲ್ಲಿ ಬಾಯಿಬಿಟ್ಟು ಸಾರುವುದು. ನಮ್ಮವರು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟರು. ಆರನೇ ಪೌಲ್ ಕೂಡ ಅದೇ ಪತ್ರದಲ್ಲಿ, ಎಷ್ಟೇ ಒಳ್ಳೆಯ ಬದುಕಾದರೂ ಅದಕ್ಕೆ ವಿವರಣೆ ಸಿಗದಿದ್ದರೆ ಕೊನೆಗೆ ಸಾಲದು ಎಂದಿದ್ದಾರೆ. ಆ ಭಾಗವನ್ನು ಪ್ರವಚನದಲ್ಲಿ ಉದ್ಧರಿಸುವವರು ಕಡಿಮೆ.

ಹಾಗಾದರೆ ನಿಮ್ಮ ಆಂಟಿ ಫ್ರಾನ್ಸಿಸರ ಮೊದಲ ದಾರಿಯಲ್ಲಿ ನಡೆಯುತ್ತಿದ್ದಾರೆಯೆ? ಇರಬಹುದು. ಆದರೆ ಅವರ ಮೌನಕ್ಕೆ ದೊಡ್ಡ ಕಾರಣ ಸಿದ್ಧಾಂತವೂ ಅಲ್ಲ, ಭಯವೂ ಅಲ್ಲ, ಬರೀ ರೂಢಿ ಎಂದು ನನ್ನ ಊಹೆ. ಕರಾವಳಿಯ ಕಥೋಲಿಕ ಮನೆಯಲ್ಲಿ ನಂಬಿಕೆ ಮಕ್ಕಳಿಗೆ ಹೇಗೆ ಬರುತ್ತದೆ ನೋಡಿ. ಸಂಜೆ ದೀಪ ಹೊತ್ತುವ ಹೊತ್ತಿಗೆ ಎಲ್ಲರೂ ದೇವರ ಮುಂದೆ ಸೇರಿ ತೇರ್ಸ್ ಹೇಳಬೇಕು, ಅಂದರೆ ಜಪಮಾಲೆ. ಅರ್ಧ ನಿದ್ದೆಯಲ್ಲಿ ತೂಗುತ್ತಿದ್ದರೂ ಬಾಯಿ ತಾನಾಗಿ ಪ್ರಾರ್ಥನೆ ಹೇಳುತ್ತಿರುತ್ತದೆ. ಮುಗಿದ ಮೇಲೆ ಹಿರಿಯರ ಮುಂದೆ ಕೈಜೋಡಿಸಿ ಬೆಸಾಂವ್ ಕೇಳಬೇಕು, ಅವರು ಆಶೀರ್ವಾದ ಮಾಡಬೇಕು, ಆಮೇಲೆ ಊಟ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಹಾಕಬೇಕು, ಹೊಸ ಭತ್ತದ ತೆನೆ ಮನೆಗೆ ತಂದು ಹಾಲಿನಲ್ಲಿ ಸೇರಿಸಿ ಎಲ್ಲರೂ ಕುಡಿಯಬೇಕು, ಅವತ್ತು ಮೀನು ಮಾಂಸ ಮುಟ್ಟುವಂತಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಧರ್ಮೋಪದೇಶದ ತರಗತಿ, ಅಲ್ಲಿ ಬಾಯಿಪಾಠ. ಇದೆಲ್ಲ ಮೈಗೆ ಹತ್ತುತ್ತದೆ. ಆದರೆ ಹೊರಗಿನವರಿಗೆ ವಿವರಿಸಬೇಕಾದ ಸಂದರ್ಭ ಒಂದು ಸಲವೂ ಬರುವುದಿಲ್ಲ. ಸುತ್ತ ಇರುವವರೆಲ್ಲ ನಮ್ಮವರೇ. ದೊಡ್ಡವರಾಗಿ ಕೆಲಸಕ್ಕೆಂದು ಹಾಸನಕ್ಕೋ ಬೆಂಗಳೂರಿಗೋ ಬಂದ ಮೇಲೆ ಯಾರಾದರೂ 'ಇದು ಯಾಕೆ' ಎಂದರೆ ಬಾಯಿಗೆ ಬರುವುದು ಒಂದೇ ಉತ್ತರ: 'ನಮ್ಮಲ್ಲಿ ಹಾಗೇ.'

ಜೊತೆಗೆ ಭಾಷೆಯ ತೊಡಕು. ನಿಮ್ಮ ಆಂಟಿ ಪ್ರಾರ್ಥಿಸುವುದು ಕೊಂಕಣಿಯಲ್ಲಿ. ಸೊಪ್ಪಿನ ಬೆಲೆ, ಮಗನ ಫೀಸು, ಯಜಮಾನರ ಸಕ್ಕರೆ ಕಾಯಿಲೆ ಎಲ್ಲವನ್ನೂ ಅವರು ಕನ್ನಡದಲ್ಲಿ ಲೀಲಾಜಾಲವಾಗಿ ಮಾತಾಡಬಲ್ಲರು. ಪರಮಪ್ರಸಾದ, ಪಾಪನಿವೇದನೆ, ಪುನರುತ್ಥಾನ ಇವನ್ನೆಲ್ಲ ಕನ್ನಡದಲ್ಲಿ ಹೇಳು ಎಂದರೆ ತಡವರಿಸುತ್ತಾರೆ. ತಮಿಳು ಅಥವಾ ಮಲಯಾಳಂ ಮಾತಾಡುವ ಕಥೋಲಿಕ ಮನೆಗಳಲ್ಲೂ ಇದೇ ಪಾಡು. ದೊಡ್ಡವರಾದ ಮೇಲೆ ಹೊರಗಿನಿಂದ ಬಂದು ಕಥೋಲಿಕರಾದವರನ್ನು ಮಾತಾಡಿಸಿ ನೋಡಿ, ಯಾಕೆ ಬಂದೆ, ಏನು ಸಿಕ್ಕಿತು ಎಂದು ನೆಟ್ಟಗೆ ಹೇಳುತ್ತಾರೆ. ಹುಟ್ಟಾ ಕಥೋಲಿಕರಿಗೆ ಆ ಅಭ್ಯಾಸವೇ ಆಗಿಲ್ಲ.

ಇನ್ನೊಂದು ಕಾರಣವನ್ನೂ ಹೇಳಬೇಕು, ನಮ್ಮವರಿಗೆ ಇಷ್ಟವಾಗಲಿಕ್ಕಿಲ್ಲ. ನಮ್ಮ ಪರವಾಗಿ ಮಾತಾಡಲು ಸಂಸ್ಥೆಗಳಿವೆ ಎಂಬ ನೆಮ್ಮದಿ. ಜರ್ಮನಿಯಿಂದ ಬಂದ ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿದ್ದು, ಅದೇ ವರ್ಷ ಅಲೋಶಿಯಸ್ ಕಾಲೇಜು ತೆರೆದದ್ದು, 1886ರಲ್ಲಿ ಬೆಂಗಳೂರಿನಲ್ಲಿ ಸಿಸ್ಟರ್‌ಗಳು ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರುಮಾಡಿದ್ದು ಇವೆಲ್ಲ ಹೆಮ್ಮೆಯ ಸಂಗತಿಗಳೇ. ಈ ಅಂಕಣ ಓದುವವರಲ್ಲಿ ಅಂಥ ಕಡೆ ಓದಿದವರು, ಹೆರಿಗೆಯಾದವರು ಎಷ್ಟೋ ಜನ ಇರುತ್ತೀರಿ. ಆದರೆ ಆಸ್ಪತ್ರೆ ಸಾಕ್ಷಿ ಹೇಳುತ್ತಿದೆ, ನಾನು ಸುಮ್ಮನಿರಬಹುದು ಎಂದುಕೊಳ್ಳುವುದು ಬೇರೆ. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳ ಚರ್ಚಾಕೂಟವೊಂದರಲ್ಲಿ ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತರ ಯುವಕ ಧರ್ಮಸಭೆಯ ಹಿಂದಿನ ಸಾಧನೆಗಳನ್ನು ಹೊಗಳುತ್ತಿದ್ದಾಗ ಎದುರಾಳಿಗಳು ಕುಟುಕಿದರು: ಅದೆಲ್ಲ ಹಳೆಯ ಮಾತು, ಈಗ ನೀವು ಏನು ಮಾಡುತ್ತಿದ್ದೀರಿ? ಓಜನಾಂ ಮತ್ತು ಗೆಳೆಯರು ಬಡವರ ಮನೆಬಾಗಿಲಿಗೆ ಹೋದರು. ಇವತ್ತು ಎಷ್ಟೋ ಚರ್ಚುಗಳಲ್ಲಿ ನೀವು ಕಾಣುವ ಸಂತ ವಿನ್ಸೆಂಟ್ ಡಿ ಪೌಲ್ ಸಭೆ ಹುಟ್ಟಿದ್ದು ಹಾಗೆ. ಪ್ರಶ್ನೆ ಕೇಳಿದ್ದು ಸಂಸ್ಥೆಯನ್ನಲ್ಲ, ಅವರನ್ನು.

ಭಯವೆ ಎಂದು ಕೇಳಿದ್ದೀರಿ. ಸ್ವಲ್ಪ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಮಿಲಾಗ್ರಿಸ್ ಬಳಿಯ ಪ್ರಾರ್ಥನಾಮಂದಿರವೂ ಸೇರಿ ಹಲವೆಡೆ ದಾಳಿಗಳಾದವು. ಅದನ್ನು ಆ ತಲೆಮಾರು ಮರೆತಿಲ್ಲ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ಶಾಲೆಯಲ್ಲಿ ಪಾಠ ಹೇಳುವ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕಥೋಲಿಕ ಹೆಣ್ಣುಮಗಳು ದೇವರ ಮಾತೆತ್ತುವ ಮುಂಚೆ ಎರಡು ಸಲ ಯೋಚಿಸುತ್ತಾಳೆ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬಲು, ಆಚರಿಸಲು ಮಾತ್ರವಲ್ಲದೆ ಪ್ರಸಾರ ಮಾಡಲೂ ಹಕ್ಕು ಕೊಟ್ಟಿದೆ. ಪ್ರಸಾರ ಎಂಬುದನ್ನು ಸೇರಿಸಬೇಕೆ ಬೇಡವೆ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿಬಿಸಿ ಚರ್ಚೆಯಾಗಿತ್ತು. ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಆ ಸಭೆಯ ಸದಸ್ಯರಾಗಿದ್ದರು. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡಬಹುದು, ಇನ್ನೊಬ್ಬನನ್ನು ಮತಾಂತರಿಸುವುದು ಮೂಲಭೂತ ಹಕ್ಕಲ್ಲ. ನೆರೆಮನೆಯವರು ಕಾಫಿ ಕುಡಿಯುತ್ತಾ ತಮ್ಮ ನಂಬಿಕೆ ಹೇಳಿಕೊಳ್ಳುವುದು ಈ ಗೆರೆಯ ಒಳಗೇ ಇದೆ. ಆದರೆ ಕಾಫಿ ಕುಡಿಯುವಾಗ ಯಾರೂ ತೀರ್ಪಿನ ಪ್ರತಿ ತೆರೆದು ನೋಡುವುದಿಲ್ಲವಲ್ಲ.

ವಿಚಿತ್ರವೆಂದರೆ, ಕಥೋಲಿಕರ ದಿನಚರಿಯೇ ಪ್ರಶ್ನೆ ಹುಟ್ಟಿಸುವ ಹಾಗಿದೆ. ವಿಭೂತಿ ಬುಧವಾರವನ್ನೇ ತೆಗೆದುಕೊಳ್ಳಿ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವುದು ಅವತ್ತು. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿ ಕೊಟ್ಟ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಗುರುಗಳು ಹಣೆಗೆ ಹಚ್ಚುತ್ತಾರೆ. ಬೆಳಗಿನ ಪೂಜೆ ಮುಗಿಸಿ ನೇರ ಆಫೀಸಿಗೆ ಹೋದವರಿಗೆ ಹತ್ತು ಗಂಟೆಯೊಳಗೆ ಯಾರಾದರೂ ಕೇಳಿಯೇ ಕೇಳುತ್ತಾರೆ.

'ಏನ್ ಮೇಡಂ, ಹಣೆ ಮೇಲೆ ಏನೋ ಕಪ್ಪಾಗಿದೆ?'

'ಬೂದಿ. ಇವತ್ತಿಂದ ನಮ್ಮ ತಪಸ್ಸುಕಾಲ.'

'ಅರೆ, ನಿಮ್ಮಲ್ಲೂ ವಿಭೂತಿ ಇದ್ಯಾ?'

'ಇದೆ, ವರ್ಷಕ್ಕೊಂದೇ ದಿನ.'

ಇಲ್ಲಿಗೆ ನಿಂತರೆ ಅದು 'ನಮ್ಮಲ್ಲಿ ಹಾಗೇ' ಎಂದಷ್ಟೇ ಆಯಿತು. ಇನ್ನೊಂದು ವಾಕ್ಯ ಸೇರಿಸಬಹುದು: 'ಮಣ್ಣಿಂದ ಬಂದವರು ಮಣ್ಣಿಗೇ ಹೋಗ್ತೀವಿ ಅಂತ ನೆನಪಿರಲಿ ಅಂತ. ಆದ್ರೆ ಕತೆ ಅಲ್ಲಿಗೆ ಮುಗಿಯಲ್ಲ ಅಂತ ನಾವು ನಂಬ್ತೀವಿ, ಅದಕ್ಕೇ ಕೊನೆಗೆ ಈಸ್ಟರ್.' ಇಷ್ಟೇ. ಮತಾಂತರವಿಲ್ಲ, ಕರಪತ್ರವಿಲ್ಲ, ಆದರೆ ಕ್ರೈಸ್ತ ನಂಬಿಕೆಯ ತಿರುಳು ಅಲ್ಲಿ ಬಂದುಹೋಯಿತು. ಕೇಳಿದವರಿಗೆ ಆಸಕ್ತಿ ಇದ್ದರೆ ಮುಂದಿನ ಪ್ರಶ್ನೆ ಬರುತ್ತದೆ, ಇಲ್ಲದಿದ್ದರೆ ಚಹಾ ಬರುತ್ತದೆ. ನಾನು ಕಂಡ ಮಟ್ಟಿಗೆ, ಆಫೀಸಿನ ಮೆಟ್ಟಿಲು ಹತ್ತುವ ಮುಂಚೆ ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುವವರೇ ಹೆಚ್ಚು. ಹಣೆ ತುಂಬ ವಿಭೂತಿ, ಕುಂಕುಮ, ನಾಮ ಕಂಡ ನಾಡಿನಲ್ಲಿ ಇಷ್ಟು ಬೂದಿಗೆ ಯಾಕೆ ಸಂಕೋಚವೋ ತಿಳಿಯದು.

ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡುವುದೂ ಹಾಗೆಯೇ. ಕ್ಯಾಂಟೀನಿನಲ್ಲಿ ಬಿರಿಯಾನಿ ಇದ್ದ ದಿನ ಮೊಸರನ್ನ ಹಿಡಿದು ಕೂತವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಸೋಮವಾರ, ಶನಿವಾರ, ಶ್ರಾವಣ ಎಂದು ಬಿಡುವವರೇ ಸುತ್ತ ಇರುವುದರಿಂದ ಅವರಿಗೆ ಕಾರಣ ಅರ್ಧ ತಿಳಿದೇ ಇರುತ್ತದೆ. ಉಳಿದರ್ಧ, ಅಂದರೆ ಅದು ಯೇಸು ಸತ್ತ ದಿನ, ಉಳಿಸಿದ ದುಡ್ಡು ಬಡವರಿಗೆ ಹೋಗಬೇಕು ಎಂಬುದು, ನಮ್ಮ ಬಾಯಿಂದ ಬರಬೇಕಾದದ್ದು.

ಸಾವಿನ ಮನೆಯಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಮಾತೇ ಅಪಾಯ. 'ಎಲ್ಲ ದೇವರ ಇಚ್ಛೆ' ಎಂದು ಹೇಳಲು ನಮ್ಮವರು ತುಂಬ ಬೇಗ ಮುಂದಾಗುತ್ತಾರೆ. ಹಳೆ ಒಡಂಬಡಿಕೆಯ ಯೋಬನ ಕತೆ ನೀವು ಕೇಳಿರಬಹುದು. ಮಕ್ಕಳು, ದನಕರು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಮನುಷ್ಯ. ಅವನ ಗೆಳೆಯರು ಬಂದು ಏಳು ದಿನ ಬಾಯಿ ಬಿಡದೆ ಅವನ ಪಕ್ಕ ನೆಲದ ಮೇಲೆ ಕೂತರು. ಆಮೇಲೆ ಉಪದೇಶಕ್ಕೆ ಶುರುವಿಟ್ಟುಕೊಂಡರು, ಕತೆಯ ಕೊನೆಯಲ್ಲಿ ದೇವರಿಂದ ಬೈಸಿಕೊಂಡರು.

ಇದೇ ಯೋಬನ ಕತೆ ಹದಿನೆಂಟನೇ ಶತಮಾನದ ತಿರುವಾಂಕೂರಿನಲ್ಲಿ ಒಂದು ಬದುಕನ್ನೇ ತಿರುಗಿಸಿತು. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದದ್ದೂ ಅದೇ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಯುಸ್ಟಾಷಿಯಸ್ ಡಿ ಲನೋಯ್ 1741ರ ಕೊಳಚ್ಚಲ್ ಯುದ್ಧದಲ್ಲಿ ಸೋತು ಮಾರ್ತಾಂಡ ವರ್ಮನ ಕೈಗೆ ಸೆರೆಸಿಕ್ಕ. ಆಮೇಲೆ ಅದೇ ರಾಜನ ಸೈನ್ಯಕ್ಕೆ ತರಬೇತಿ ಕೊಡುವ, ಕೋಟೆ ಕಟ್ಟಿಸುವ ಕೆಲಸಕ್ಕೆ ನಿಂತ. ಅವನು ಕಥೋಲಿಕ. ಅರಮನೆಯ ಇನ್ನೊಬ್ಬ ಅಧಿಕಾರಿ ನಟ್ಟಾಲಂ ಊರಿನ ನೀಲಕಂಠ ಪಿಳ್ಳೆ. ದೇವಸ್ಥಾನಕ್ಕೆ ನಡೆದುಕೊಳ್ಳುವ ಮನೆತನ. ಇಬ್ಬರೂ ಒಂದೇ ರಾಜನ ಚಾಕರಿಯಲ್ಲಿದ್ದವರು, ಈಗಿನ ಮಾತಿನಲ್ಲಿ ಸಹೋದ್ಯೋಗಿಗಳು. ಪಿಳ್ಳೆಯ ಮನೆಯಲ್ಲಿ ಒಂದರ ಮೇಲೊಂದು ನಷ್ಟ, ದನಕರು ಸತ್ತವು. ಮುಖ ಬಾಡಿಸಿಕೊಂಡು ಕೆಲಸಕ್ಕೆ ಬರುತ್ತಿದ್ದವನನ್ನು ಡಿ ಲನೋಯ್ ವಿಚಾರಿಸಿದ. ಏನಾಯಿತೆಂದು ತಿಳಿದ ಮೇಲೆ ಯೋಬನ ಕತೆ ಹೇಳಿದ.

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಕತೆಯಲ್ಲ, ಕತೆ ಹೇಳಿದವನ ಸ್ಥಿತಿ. ಊರು, ಕಂಪನಿ, ಸ್ವಾತಂತ್ರ್ಯ ಎಲ್ಲ ಕಳೆದುಕೊಂಡು ಪರದೇಶದ ರಾಜನ ಕೈಕೆಳಗೆ ಬದುಕುತ್ತಿದ್ದವನು ಅವನು. ಕಳೆದುಕೊಂಡವರ ಬಗ್ಗೆ ಮಾತಾಡಲು ಅವನಿಗೆ ಹಕ್ಕಿತ್ತು. ಮೊದಲು ಕೇಳಿಸಿಕೊಂಡ, ಆಮೇಲೆ ಹೇಳಿದ. ಅವನು ಪಾದ್ರಿಯಲ್ಲ, ಧರ್ಮಪಂಡಿತನಲ್ಲ, ಸಿಪಾಯಿ. ಪಿಳ್ಳೆ ಮತ್ತೆ ಮತ್ತೆ ಬಂದು ಕೇಳಿದ. 1745ರಲ್ಲಿ ವಡಕ್ಕನ್‌ಕುಳಂನಲ್ಲಿ ಜೆಸ್ವಿಟ್ ಪಾದ್ರಿಯೊಬ್ಬರಿಂದ ದೀಕ್ಷಾಸ್ನಾನ ಪಡೆದು ದೇವಸಹಾಯಂ ಆದ. ಜಾತಿಯ ಗೆರೆ ದಾಟಿ ಎಲ್ಲರೊಡನೆ ಕೂತು ಉಂಡ. ಸೆರೆಗೆ ಬಿದ್ದ, ಊರೂರು ಮೆರವಣಿಗೆ ಮಾಡಿಸಿಕೊಂಡ, 1752ರ ಜನವರಿಯಲ್ಲಿ ಅರಲ್ವಾಯ್‌ಮೊಳಿಯ ಕಾಡಿನಲ್ಲಿ ಗುಂಡಿಗೆ ಬಲಿಯಾದ. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ದೇವಸಹಾಯಂರನ್ನು ಸಂತರೆಂದು ಸಾರಿದರು. ಭಾರತದ ಗೃಹಸ್ಥರಲ್ಲಿ ಆ ಪದವಿಗೆ ಏರಿದ ಮೊದಲಿಗರು ಅವರೇ. ಹೆಸರಿನಿಂದ ಪಿಳ್ಳೆ ಎಂಬ ಜಾತಿಸೂಚಕವನ್ನು ರೋಮ್ ಅಷ್ಟರಲ್ಲಿ ಕೈಬಿಟ್ಟಿತ್ತು. ಡಿ ಲನೋಯ್‌ಗೆ ಯಾವ ಪದವಿಯೂ ಸಿಗಲಿಲ್ಲ. ಉದಯಗಿರಿ ಕೋಟೆಯಲ್ಲಿ ಅವನ ಸಮಾಧಿ ಇದೆ.

ಇದು ಗೆದ್ದವರ ಕತೆಯಾಯಿತು. ನಿಮ್ಮ ಜಿಲ್ಲೆಯಲ್ಲೇ ಸೋತೆನೆಂದುಕೊಂಡವರೊಬ್ಬರ ಕತೆ ಇದೆ. ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ 1792ರಲ್ಲಿ ಭಾರತಕ್ಕೆ ಬಂದು, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ಚದುರಿದ್ದ ಕ್ರೈಸ್ತರನ್ನು ಮತ್ತೆ ಕಲೆಹಾಕಿದರು. ಇಲ್ಲಿನವರಂತೆ ಬಟ್ಟೆ ತೊಟ್ಟರು, ಇಲ್ಲಿನವರಂತೆ ಉಂಡರು. ಹಾಸನದ ಸಾತಳ್ಳಿಯಲ್ಲಿ ಒಕ್ಕಲು ನೆಲೆ ಮಾಡಿಸಿದರು. ಸಿಡುಬಿನ ಲಸಿಕೆಯ ಹೆಸರೇ ಕೇಳದಿದ್ದ ಕಾಲದಲ್ಲಿ ಊರೂರು ತಿರುಗಿ ಜನರನ್ನು ಲಸಿಕೆಗೆ ಒಪ್ಪಿಸಿದರು. ಮೂವತ್ತು ವರ್ಷ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದವರು, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯ ಕುರಿತು ಪ್ರಕಟಿಸಿದ ಪತ್ರಗಳಲ್ಲಿ ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಕೈಚೆಲ್ಲಿದರು. ಮಿಷನರಿ ವಲಯದಲ್ಲಿ ಅದು ದೊಡ್ಡ ಗದ್ದಲವೆಬ್ಬಿಸಿತು. ಅವರು ನೆಟ್ಟ ಸಾತಳ್ಳಿಯ ಕ್ರೈಸ್ತ ಸಮುದಾಯ ಮಾತ್ರ ಇವತ್ತಿಗೂ ಇದೆ, ಕನ್ನಡದಲ್ಲೇ ಪ್ರಾರ್ಥಿಸುತ್ತದೆ. ತಲೆ ಎಣಿಸಿ ನೋಡಿದರೆ ದುಬುವಾ ಹೇಳಿದ್ದು ಸರಿಯೇ ಇರಬಹುದು. ಆದರೆ ನಂಬಿಕೆ ಹಂಚಿಕೊಳ್ಳುವುದೆಂದರೆ ತಲೆ ಎಣಿಸುವುದು ಎಂದು ನಾನು ಒಪ್ಪಲಾರೆ. ಲಸಿಕೆ ಹಾಕಿಸಿಕೊಂಡ ಜನರಲ್ಲಿ ಬಹುಪಾಲು ಕ್ರೈಸ್ತರಾಗಲೇ ಇಲ್ಲ. ಅದರಿಂದ ಲಸಿಕೆ ವ್ಯರ್ಥವಾಗಲಿಲ್ಲ.

ಇನ್ನು, ನಾನಾಗಿಯೇ ಕೇಳಲೇ ಎಂಬ ಪ್ರಶ್ನೆ. ಖಂಡಿತ ಕೇಳಿ, ಅವರು ತಪ್ಪು ತಿಳಿಯುವುದಿಲ್ಲ. ಮೊದಲಿಗೆ ಗಾಬರಿಯಾದಾರು ಅಷ್ಟೆ. ಕ್ರಿಸ್‌ಮಸ್ ದಿನ ಬೇಡ, ಅವತ್ತು ಒಲೆ ಮೇಲೆ ಸೊರಪೊಟೆಲ್ ಇರುತ್ತದೆ, ಹಾಲ್‌ನಲ್ಲಿ ನೆಂಟರಿರುತ್ತಾರೆ. ಮಾಮೂಲಿ ಮಧ್ಯಾಹ್ನವೊಂದು ನೋಡಿಕೊಳ್ಳಿ. 'ಯೇಸು ದೇವರೋ ಮನುಷ್ಯರೋ' ಎಂದು ಶುರುಮಾಡಿದರೆ ಅವರು 'ಫಾದರ್ ಹತ್ತಿರ ಕೇಳಿ' ಎಂದು ತಪ್ಪಿಸಿಕೊಳ್ಳುತ್ತಾರೆ. 'ದಿನಾ ಸಂಜೆ ಅಷ್ಟು ಹೊತ್ತು ಏನು ಬೇಡ್ಕೋತೀರಿ ಆಂಟಿ?' ಎಂದು ಕೇಳಿ ನೋಡಿ. ಯಜಮಾನರ ಕಾಯಿಲೆ, ಮಗನ ಪರೀಕ್ಷೆ, ತೀರಿಹೋದ ಅಮ್ಮ ಎಲ್ಲ ಬರುತ್ತಾರೆ. ನಿಮ್ಮ ಮನೆಯ ಯಾರದಾದರೂ ಹೆಸರು ಆ ಪ್ರಾರ್ಥನೆಯಲ್ಲಿ ಎಷ್ಟೋ ಕಾಲದಿಂದ ಇದ್ದರೂ ಆಶ್ಚರ್ಯವಿಲ್ಲ. 'ನಮ್ಮಲ್ಲಿ ಹಾಗೇ' ಎಂಬ ಉತ್ತರ ಬಂದರೆ 'ಹಾಗೇ ಅಂದರೆ?' ಎಂದು ಇನ್ನೊಂದು ಸಲ ಕೇಳುವ ಸಲಿಗೆ ಹದಿನೈದು ವರ್ಷದ ನೆರೆಹೊರೆಗೆ ಇರಲೇಬೇಕು. ನಿಮ್ಮ ನಂಬಿಕೆಯನ್ನೂ ಹೇಳಿ. ಅದನ್ನು ಗೌರವದಿಂದ ಕೇಳಿಸಿಕೊಳ್ಳಬೇಕೆಂಬುದೂ 1965ರ ಅದೇ ಮಹಾಸಭೆಯ ಸೂಚನೆ. ಬೇರೆ ಧರ್ಮಗಳಲ್ಲಿ ಸತ್ಯವಾದದ್ದು, ಪವಿತ್ರವಾದದ್ದು ಏನನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿದೆ.

ಒಂದು ಸಲ ಕೇಳಿದರೆ ಮತಾಂತರಕ್ಕೆ ಗಂಟುಬೀಳುತ್ತಾರೆ ಎಂಬ ಅಂಜಿಕೆ ಇದ್ದರೆ ಬಿಡಿ. ನೀವೇ ಹೋಗಿ ಕಥೋಲಿಕನಾಗುತ್ತೇನೆ ಎಂದರೂ ಗುರುಗಳು ಕೂಡಲೇ ನೀರು ಹಾಕುವುದಿಲ್ಲ. ಆದಿಕಾಲದ ಕ್ರೈಸ್ತರಲ್ಲಿದ್ದ ದೀಕ್ಷಾರ್ಥಿಗಳ ತರಬೇತಿಯ ಕ್ರಮವನ್ನು 1972ರಲ್ಲಿ ವಿಧಿಪೂರ್ವಕವಾಗಿ ಮತ್ತೆ ಜಾರಿಗೆ ತಂದಿದ್ದಾರೆ. ಯಾಕೆ ಬರುತ್ತೀಯ ಎಂದು ವಿಚಾರಿಸುತ್ತಾರೆ, ಹಂತಹಂತವಾಗಿ ಕಲಿಸುತ್ತಾರೆ, ಸಾಮಾನ್ಯವಾಗಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಮದುವೆಗಾಗಿ ಮತಾಂತರವಾಗಲೇಬೇಕು ಎಂಬ ನಿಯಮವೂ ಇಲ್ಲ. ಧರ್ಮಾಧ್ಯಕ್ಷರ ಅನುಮತಿ ಪಡೆದು ಹಿಂದೂ ಹಿಂದೂವಾಗಿಯೇ, ಕಥೋಲಿಕ ಕಥೋಲಿಕನಾಗಿಯೇ ಚರ್ಚಿನಲ್ಲಿ ಮದುವೆಯಾಗಬಹುದು. ಮಕ್ಕಳನ್ನು ತನ್ನ ನಂಬಿಕೆಯಲ್ಲಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಎಂದು ಕಥೋಲಿಕರ ಕಡೆಯವರು ಮಾತುಕೊಡಬೇಕು, ಆ ವಿಷಯ ಇನ್ನೊಬ್ಬರಿಗೂ ಮುಂಚೆಯೇ ತಿಳಿದಿರಬೇಕು. ಇದನ್ನು ತಿಳಿಯದೆ ಎರಡೂ ಕಡೆ ಜಗಳವಾಡಿಕೊಂಡ ಮನೆಗಳನ್ನು ನೋಡಿದ್ದೇನೆ.

ಪೂಜೆಗೆ ಧಾರಾಳವಾಗಿ ಹೋಗಿ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಜನವರಿಯಲ್ಲಿ, ಬೆಂಗಳೂರಿನ ಶಿವಾಜಿನಗರದ ಮರಿಯಮ್ಮನ ತೇರಿಗೆ ಸೆಪ್ಟೆಂಬರಿನಲ್ಲಿ, ವಿವೇಕನಗರದ ಬಾಲಯೇಸುವಿನ ಗುಡಿಗೆ ಗುರುವಾರಗಳಲ್ಲಿ ಮೇಣದಬತ್ತಿ ಹಿಡಿದು ಹೋಗುವ ಸಾವಿರಾರು ಜನರಲ್ಲಿ ಎಷ್ಟೋ ಮಂದಿ ಕ್ರೈಸ್ತರಲ್ಲ. ಅಲ್ಲಿ ಯಾರೂ ಯಾರ ಜಾತಿ ಕೇಳುವುದಿಲ್ಲ. ಆದರೆ ಹಬ್ಬದ ಜಂಗುಳಿಯಲ್ಲಿ ನಿಮಗೆ ಪೂಜೆ ಕಾಣುವುದಿಲ್ಲ, ಬೆನ್ನುಗಳು ಕಾಣುತ್ತವೆ. ಸಾಮಾನ್ಯ ಭಾನುವಾರ ಒಳ್ಳೆಯದು, ಸುಮಾರು ಒಂದು ಗಂಟೆಯ ಕೆಲಸ. ಇನ್ನೂ ಚೆನ್ನಾಗಿ ನೋಡಬೇಕೆಂದಿದ್ದರೆ ಈಸ್ಟರಿನ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಗೆ ಹೋಗಿ. ಹೊರಗೆ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ ಹಚ್ಚಿ, ಕತ್ತಲ ಚರ್ಚಿನೊಳಗೆ ತಂದು ಒಬ್ಬರಿಂದೊಬ್ಬರು ದೀಪ ಹಚ್ಚಿಕೊಳ್ಳುತ್ತಾರೆ. ದೊಡ್ಡವರಿಗೆ ದೀಕ್ಷಾಸ್ನಾನ ಕೊಡುವುದೂ ಮುಖ್ಯವಾಗಿ ಆ ರಾತ್ರಿಯೇ. ಉದ್ದದ ಪೂಜೆ, ಊಟ ಮಾಡಿಕೊಂಡೇ ಹೋಗಿ.

ನಡುವೆ ಎಲ್ಲರೂ ಏಳುತ್ತಾರೆ, ಕೂರುತ್ತಾರೆ, ಮೊಣಕಾಲೂರುತ್ತಾರೆ. ಹಿಂದಿನ ಸಾಲಿನಲ್ಲಿ ಕೂತರೆ ಮುಂದಿನವರನ್ನು ನೋಡಿ ಎದ್ದರಾಯಿತು, ಮೊಣಕಾಲೂರಲೇಬೇಕೆಂದಿಲ್ಲ. ಕಾಣಿಕೆಯ ಚೀಲ ಬಂದರೆ ಹಾಕಬಹುದು, ಬಿಡಬಹುದು. ಪರಮಪ್ರಸಾದಕ್ಕೆ ಸಾಲು ಹೊರಟಾಗ ಮಾತ್ರ ನೀವು ಜಾಗದಲ್ಲೇ ಕೂತಿರಿ. ದೇವಸ್ಥಾನದ ಪ್ರಸಾದದ ಹಾಗೆ ಎಲ್ಲರಿಗೂ ಕೊಡುವಂಥದಲ್ಲ ಅದು, ಕ್ರಿಸ್ತನ ಶರೀರವೆಂದೇ ಕಥೋಲಿಕರು ನಂಬುತ್ತಾರೆ, ಆ ನಂಬಿಕೆಗೆ ಸೇರಿದವರು ಮಾತ್ರ ಸ್ವೀಕರಿಸುತ್ತಾರೆ. ತಿಳಿಯದೆ ಸಾಲಿಗೆ ನಿಂತು ಆಮೇಲೆ ಮುಜುಗರಪಟ್ಟವರಿದ್ದಾರೆ, ಅದಕ್ಕೇ ಮುಂಚೆಯೇ ಹೇಳಿದೆ. ಹೋಗುವುದು ಗಟ್ಟಿಯಾದರೆ ಆಂಟಿಯನ್ನೇ ಕೇಳಿ. ಯಾವ ಹೊತ್ತಿನದು ಕನ್ನಡ ಪೂಜೆ, ಯಾವುದು ಇಂಗ್ಲಿಷ್, ಯಾವ ಫಾದರ್ ಪ್ರವಚನ ಬೇಗ ಮುಗಿಸುತ್ತಾರೆ ಎಂಬುದೆಲ್ಲ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.